ಸಾಲದ ಇತಿಹಾಸವಿಲ್ಲದೆ ಮೊದಲ ಕ್ರೆಡಿಟ್ ಕಾರ್ಡ್ ಪಡೆದದ್ದು

ಸಂಬಳದ ಖಾತೆಯಿರುವ ಬ್ಯಾಂಕೇ ನನ್ನ ಅರ್ಜಿಯನ್ನು ‘ಆಂತರಿಕ ನೀತಿಯ ಪ್ರಕಾರ’ ಎಂಬ ಒಂದೇ ಸಾಲಿನಲ್ಲಿ ತಿರಸ್ಕರಿಸಿದಾಗ, ಕಾರಣ ತಿಳಿಯಲು ಸಿಬಿಲ್ ವರದಿ, ಅಂದರೆ ನಾವು ಪಡೆದ ಸಾಲ ಮತ್ತು ಮರುಪಾವತಿಯ ದಾಖಲೆ, ತರಿಸಿಕೊಂಡೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ವರ್ಷಕ್ಕೊಂದು ಪೂರ್ಣ ವರದಿ ಉಚಿತ. 300ರಿಂದ 900ರೊಳಗಿನ ಅಂಕವಿರಬೇಕಾದ ಜಾಗದಲ್ಲಿ ‘-1’ ಎಂದಿತ್ತು. ಅದು ಕೆಟ್ಟ ಅಂಕವಲ್ಲ, ಅಳೆಯಲು ಸಾಲದ ದಾಖಲೆಯೇ ಇಲ್ಲವೆಂಬ ಸೂಚನೆ. ಉಳಿತಾಯ ಖಾತೆಯ ವ್ಯವಹಾರವಾಗಲಿ, ಯುಪಿಐ ಪಾವತಿಯಾಗಲಿ, ಡೆಬಿಟ್ ಕಾರ್ಡಿನ ಖರ್ಚಾಗಲಿ, ಎಷ್ಟೇ ಶಿಸ್ತಿನದಾದರೂ, ಆ ವರದಿಗೆ ಸೇರುವುದಿಲ್ಲ.

ಹೊಸ ಅರ್ಜಿ ಹಾಕಿದಾಗಲೆಲ್ಲ ಬ್ಯಾಂಕಿನ ವಿಚಾರಣೆ ವರದಿಯಲ್ಲಿ ದಾಖಲಾಗುವುದರಿಂದ, ಕಂಡಕಂಡ ಬ್ಯಾಂಕುಗಳಿಗೆ ಅರ್ಜಿ ಹಾಕುವ ಬದಲು 25,000 ರೂಪಾಯಿಗಳ ನಿಶ್ಚಿತ ಠೇವಣಿಯಿಟ್ಟು, ಅದರ ಭದ್ರತೆಯ ಮೇಲೆ ಕಾರ್ಡ್ ಕೇಳಿದೆ. ಸಂಬಳದ ಚೀಟಿಯನ್ನು ಯಾರೂ ಕೇಳಲಿಲ್ಲ. ಪ್ಯಾನ್ ಮತ್ತು ಆಧಾರ್ ಸಾಕಾದವು. 20,000 ರೂಪಾಯಿಗಳ ಮಿತಿ ದೊರೆಯಿತು. ಠೇವಣಿಗೆ ಬಡ್ಡಿ ಎಂದಿನಂತೆ ಬರುತ್ತದೆ, ಆದರೆ ಕಾರ್ಡ್ ಇರುವವರೆಗೆ ಆ ಹಣವನ್ನು ಮುಟ್ಟುವಂತಿಲ್ಲ. ತುರ್ತಿಗೆಂದು ಕೂಡಿಟ್ಟ ಹಣವನ್ನು ಇದಕ್ಕೆ ಹಾಕುವುದು ನನ್ನ ಮಟ್ಟಿಗೆ ಸರಿಯಲ್ಲ.

ವಿದ್ಯುತ್ ಮತ್ತು ಮೊಬೈಲ್ ಬಿಲ್ಲುಗಳನ್ನಷ್ಟೇ ಅದರಲ್ಲಿ ಕಟ್ಟುತ್ತಾ, ಸ್ಟೇಟ್‌ಮೆಂಟಿನಲ್ಲಿ ಕಣ್ಣು ಕುಕ್ಕುವಂತೆ ಮುದ್ರಿಸಿರುವ ‘ಕನಿಷ್ಠ ಬಾಕಿ’ಯನ್ನು ಬದಿಗಿಟ್ಟು, ಪೂರ್ತಿ ಮೊತ್ತಕ್ಕೆ ಆಟೋ ಡೆಬಿಟ್ ಮಾಡಿಸಿದೆ. ಕೆಲವು ತಿಂಗಳುಗಳಲ್ಲಿ ಅಂಕ ಮೂಡಿತು. ಮರುವರ್ಷ ಅದೇ ಬ್ಯಾಂಕು ಠೇವಣಿಯಿಲ್ಲದ ಕಾರ್ಡನ್ನು ತಾನಾಗಿಯೇ ನೀಡಿತು.