ಕಮಾಂಡ್ ಲೈನ್ ಟೂಲ್‌ಗಳ ಬಳಕೆ ಮಾಹಿತಿ: ಹಂಚಿಕೆಯನ್ನು ನಿಯಂತ್ರಿಸುವ ಬಗೆ

ಟರ್ಮಿನಲ್‌ನಲ್ಲಿ ಓಡುವ ಹಲವು ಡೆವಲಪರ್ ಟೂಲ್‌ಗಳು ತಮ್ಮ ಬಳಕೆಯ ವಿವರಗಳನ್ನು ತಯಾರಕರಿಗೆ ಕಳುಹಿಸುತ್ತವೆ. ಇದನ್ನೇ ಟೆಲಿಮೆಟ್ರಿ ಅಥವಾ ಅನಾಲಿಟಿಕ್ಸ್ ಎನ್ನುತ್ತಾರೆ. ಯಾವ ಕಮಾಂಡ್ ಓಡಿತು, ಅದಕ್ಕೆ ಎಷ್ಟು ಹೊತ್ತು ಹಿಡಿಯಿತು, ದೋಷವೇನಾದರೂ ಬಂದಿತೇ, ಆಪರೇಟಿಂಗ್ ಸಿಸ್ಟಮ್ ಮತ್ತು ಟೂಲ್‌ನ ಆವೃತ್ತಿ ಯಾವುದು ಎಂಬಂಥ ಸಂಗತಿಗಳು ಇದರಲ್ಲಿ ಸಾಮಾನ್ಯವಾಗಿರುತ್ತವೆ. ವೆಬ್ ಆ್ಯಪ್ ಕಟ್ಟಲು ಬಳಸುವ ಆ್ಯಂಗ್ಯುಲರ್ ಮತ್ತು ಗೂಗಲ್ ಕ್ಲೌಡ್‌ನ ಟೂಲ್‌ಗಳು ಮೊದಲು ಒಪ್ಪಿಗೆ ಕೇಳುತ್ತವೆ. ಹೋಮ್‌ಬ್ರೂ (ಸಾಫ್ಟ್‌ವೇರ್ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಟೂಲ್), ನೆಕ್ಸ್ಟ್ ಜೆಎಸ್ (ವೆಬ್ ತಾಣ ಕಟ್ಟುವ ಟೂಲ್), ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಮತ್ತು ಅಜೂರ್ ಮುಂತಾದವುಗಳಲ್ಲಿ ನಾವಾಗಿ ಬೇಡವೆನ್ನುವವರೆಗೂ ಹಂಚಿಕೆ ಚಾಲೂ ಇರುತ್ತದೆ. ಇದನ್ನು ತಿಳಿಸುವ ಸೂಚನೆ ಸಾಮಾನ್ಯವಾಗಿ ಮೊದಲ ಸಲ ಟೂಲ್ ಓಡಿಸಿದಾಗ ಒಮ್ಮೆ ಮಾತ್ರ ಕಾಣಿಸಿಕೊಳ್ಳುವುದರಿಂದ, ಉಳಿದ ಸಾಲುಗಳ ನಡುವೆ ಅದು ಕಣ್ತಪ್ಪಿ ಹೋಗುವುದೇ ಹೆಚ್ಚು.

ಈ ಬರಹದಲ್ಲಿ ಕಮಾಂಡ್‌ಗಳನ್ನು ಉಚ್ಚರಿಸುವಂತೆ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳನ್ನೂ, ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ (ಹೆಸರು ಮತ್ತು ಮೌಲ್ಯದ ಜೋಡಿಯಾಗಿ ಹೊಂದಿಸಿಟ್ಟು, ಟೂಲ್‌ಗಳು ಓಡುವಾಗ ಓದಿಕೊಳ್ಳುವ ಆಯ್ಕೆಗಳು) ಹೆಸರಿಗೆ ದೊಡ್ಡಕ್ಷರಗಳನ್ನೂ ಬಳಸಬೇಕು.

ಏನನ್ನಾದರೂ ಬದಲಿಸುವ ಮೊದಲು ಈಗಿನ ಸ್ಥಿತಿಯನ್ನು ನೋಡಿಕೊಳ್ಳುವುದು ಒಳ್ಳೆಯದು. ಹೋಮ್‌ಬ್ರೂಗೆ ‘ಬ್ರೂ ಅನಾಲಿಟಿಕ್ಸ್ ಸ್ಟೇಟ್’, ಆ್ಯಂಗ್ಯುಲರ್‌ಗೆ ‘ಎನ್‌ಜಿ ಅನಾಲಿಟಿಕ್ಸ್ ಇನ್ಫೋ’, ನೆಕ್ಸ್ಟ್‌ಗೆ ‘ಎನ್‌ಪಿಎಕ್ಸ್ ನೆಕ್ಸ್ಟ್ ಟೆಲಿಮೆಟ್ರಿ ಸ್ಟೇಟಸ್’ ಎಂಬ ಕಮಾಂಡ್‌ಗಳಿವೆ. ಇವುಗಳಲ್ಲಿ ಕೊನೆಯ ಪದದ ಬದಲು ಹೋಮ್‌ಬ್ರೂಗೆ ‘ಆಫ್’ ಎಂದೂ ಉಳಿದೆರಡಕ್ಕೆ ‘ಡಿಸೇಬಲ್’ ಎಂದೂ ಬರೆದರೆ ಹಂಚಿಕೆ ನಿಲ್ಲುತ್ತದೆ. ಅಜೂರ್‌ನಲ್ಲಿ ‘ಎಝಡ್ ಕಾನ್ಫಿಗ್ ಸೆಟ್’ ಮೂಲಕ ‘ಕೋರ್.ಕಲೆಕ್ಟ್_ಟೆಲಿಮೆಟ್ರಿ’ ಎಂಬುದನ್ನು ‘ನೋ’ ಮಾಡಬೇಕು.

ಹೀಗೆ ಕಮಾಂಡ್‌ನಿಂದ ಮಾಡಿದ ಆಯ್ಕೆ ಸಾಮಾನ್ಯವಾಗಿ ಆ ಬಳಕೆದಾರನ ಕಾನ್ಫಿಗರೇಷನ್ ಕಡತದಲ್ಲಿ ಉಳಿಯುತ್ತದೆ. ಇನ್ನೊಂದು ದಾರಿ ಎನ್ವಿರಾನ್‌ಮೆಂಟ್ ವೇರಿಯಬಲ್‌ನದು, ಮತ್ತು ಎಡವುವ ಜಾಗಗಳೆಲ್ಲ ಇರುವುದು ಈ ದಾರಿಯಲ್ಲೇ. ‘ಹೋಮ್‌ಬ್ರೂ_ನೋ_ಅನಾಲಿಟಿಕ್ಸ್’, ‘ನೆಕ್ಸ್ಟ್_ಟೆಲಿಮೆಟ್ರಿ_ಡಿಸೇಬಲ್ಡ್’, ‘ಡಾಟ್‌ನೆಟ್_ಸಿಎಲ್‌ಐ_ಟೆಲಿಮೆಟ್ರಿ_ಆಪ್ಟ್‌ಔಟ್’ ಇವು ಮೂರಕ್ಕೂ 1 ಎಂದು ಕೊಟ್ಟರೆ ಹಂಚಿಕೆ ನಿಲ್ಲುತ್ತದೆ, ಏಕೆಂದರೆ ಹೆಸರಿನಲ್ಲೇ ನಿಷೇಧವಿದೆ. ಆದರೆ ‘ಎನ್‌ಜಿ_ಸಿಎಲ್‌ಐ_ಅನಾಲಿಟಿಕ್ಸ್’ ಎಂಬುದಕ್ಕೆ ‘ಫಾಲ್ಸ್’ ಎಂದೂ, ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯುಎಸ್‌ನ ‘ಎಸ್‌ಎಎಮ್_ಸಿಎಲ್‌ಐ_ಟೆಲಿಮೆಟ್ರಿ’ ಎಂಬುದಕ್ಕೆ 0 ಎಂದೂ ಕೊಡಬೇಕು. ಗೂಗಲ್ ಕ್ಲೌಡ್‌ನ ‘ಡಿಸೇಬಲ್_ಯೂಸೇಜ್_ರಿಪೋರ್ಟಿಂಗ್’ (ಇದು ವೇರಿಯಬಲ್ ಅಲ್ಲ, ಅದರ ಕಾನ್ಫಿಗರೇಷನ್‌ನ ಒಂದು ಸೆಟ್ಟಿಂಗ್; ಸಣ್ಣಕ್ಷರಗಳಲ್ಲೇ ಬರೆಯಬೇಕು) ‘ಟ್ರೂ’ ಆದಾಗ ಮಾತ್ರ ಹಂಚಿಕೆ ನಿಲ್ಲುತ್ತದೆ. ಎಲ್ಲಕ್ಕೂ ಒಂದೇ ಮೌಲ್ಯ ಅಂಟಿಸಿ ಮುಗಿಸಿದರೆ, ನಿಲ್ಲಿಸಿದೆವೆಂದು ನಂಬಿದ ಟೂಲ್ ಸದ್ದಿಲ್ಲದೆ ಮಾಹಿತಿ ಕಳುಹಿಸುತ್ತಲೇ ಇರಬಹುದು. ಡಾಟ್‌ನೆಟ್‌ನಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು: ಇನ್‌ಸ್ಟಾಲ್ ಯಶಸ್ವಿಯಾದಾಗ ಇನ್‌ಸ್ಟಾಲರ್ ಸಹ ಒಂದು ಸಂದೇಶ ಕಳುಹಿಸುವುದರಿಂದ, ಅದೂ ಬೇಡವೆನ್ನುವವರು ವೇರಿಯಬಲ್ ಅನ್ನು ಇನ್‌ಸ್ಟಾಲ್‌ಗೆ ಮುಂಚೆಯೇ ಹೊಂದಿಸಬೇಕು.

‘ಡು_ನಾಟ್_ಟ್ರ್ಯಾಕ್’ ಎಂಬ ಒಂದೇ ವೇರಿಯಬಲ್ ಎಲ್ಲ ಟೂಲ್‌ಗಳಿಗೂ ಸಾಕಾಗಲಿ ಎಂಬ ಪ್ರಸ್ತಾಪವೊಂದಿದೆ. ಕೆಲವು ಟೂಲ್‌ಗಳು ಅದನ್ನು ಮನ್ನಿಸುತ್ತವೆ, ಎಲ್ಲವೂ ಅಲ್ಲ. ಹೊಂದಿಸಿಕೊಳ್ಳಲು ಅಡ್ಡಿಯಿಲ್ಲ, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬಾರದು.

ವೇರಿಯಬಲ್ ಎಲ್ಲಿಯವರೆಗೆ ತಲುಪುತ್ತದೆ ಎಂಬುದನ್ನೂ ಗಮನಿಸಬೇಕು. ಶೆಲ್‌ನ (ಟರ್ಮಿನಲ್‌ನಲ್ಲಿ ನಮ್ಮ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಮ್) ಆರಂಭಿಕ ಕಡತದಲ್ಲಿ ಬರೆದದ್ದು ಆ ಶೆಲ್‌ನಿಂದ ಹುಟ್ಟಿದ ಪ್ರೋಗ್ರಾಮ್‌ಗಳಿಗೆ ಮಾತ್ರ ಸಿಗುತ್ತದೆ. ಐಕಾನ್ ಒತ್ತಿ ತೆರೆದ ಎಡಿಟರ್‌ಗೆ ಅದು ಸಿಗದೇ ಹೋಗಬಹುದು. ನಿರ್ವಾಹಕರ ಅಧಿಕಾರದಲ್ಲಿ ಕಮಾಂಡ್ ಓಡಿಸುವ ‘ಸುಡೊ’ ಸಾಮಾನ್ಯವಾಗಿ ಬಹುತೇಕ ವೇರಿಯಬಲ್‌ಗಳನ್ನು ಕೈಬಿಡುತ್ತದೆ. ವಿಂಡೋಸ್‌ನಲ್ಲಿ ‘ಸೆಟ್‌ಎಕ್ಸ್’ ಬಳಸಿ ಮಾಡಿದ ಬದಲಾವಣೆ ಆಗಲೇ ತೆರೆದಿರುವ ಟರ್ಮಿನಲ್‌ಗೆ ತಟ್ಟುವುದಿಲ್ಲ. ಪ್ರತ್ಯೇಕ ಪರಿಸರದಲ್ಲಿ ಪ್ರೋಗ್ರಾಮ್‌ಗಳನ್ನು ಓಡಿಸುವ ಡಾಕರ್ ಕಂಟೇನರ್‌ಗಳಿಗೂ ಸ್ವಯಂಚಾಲಿತ ಬಿಲ್ಡ್ ಯಂತ್ರಗಳಿಗೂ ನಿಮ್ಮ ಲ್ಯಾಪ್‌ಟಾಪ್‌ನ ಆಯ್ಕೆ ತಿಳಿಯದು. ಅಲ್ಲಿ ಡಾಕರ್‌ಫೈಲ್‌ನಲ್ಲೋ ಪೈಪ್‌ಲೈನ್‌ನ ಕಡತದಲ್ಲೋ ಅದನ್ನು ಬೇರೆಯಾಗಿ ನಮೂದಿಸಬೇಕು.

ಆ್ಯಂಗ್ಯುಲರ್‌ನ ‘ಡಿಸೇಬಲ್’ ಪ್ರಾಜೆಕ್ಟ್‌ನ ಜೇಸನ್ ಕಡತದಲ್ಲಿ ದಾಖಲಾಗುತ್ತದೆ. ಅದನ್ನು ಕಮಿಟ್ ಮಾಡಿ ತಂಡದ ಕೋಡ್ ಸಂಗ್ರಹಕ್ಕೆ ಸೇರಿಸಿದರೆ ಇಡೀ ತಂಡಕ್ಕೆ ಅನ್ವಯಿಸುತ್ತದೆ. ಇದು ತಂಡದ ನಿರ್ಧಾರವಾಗಿದ್ದರೆ ಸರಿ. ಸ್ವಂತ ಆಯ್ಕೆಯಾಗಿದ್ದರೆ ‘ಗ್ಲೋಬಲ್’ ಆಪ್ಷನ್ ಸೇರಿಸುವುದೇ ಸೌಜನ್ಯ.

ಗೋ ಭಾಷೆಯ ಟೂಲ್‌ಗಳ ವಿಧಾನ ಸ್ವಲ್ಪ ಬೇರೆ, ಮತ್ತು ನನ್ನ ಮಟ್ಟಿಗೆ ಹೆಚ್ಚು ಪ್ರಾಮಾಣಿಕವಾದದ್ದು. 2023ರಲ್ಲಿ ಈ ಪ್ರಸ್ತಾಪ ಬಂದಾಗ ಹಂಚಿಕೆ ತಾನಾಗಿಯೇ ಚಾಲೂ ಇರುವಂತೆ ಯೋಚಿಸಲಾಗಿತ್ತು. ವಿರೋಧ ವ್ಯಕ್ತವಾದ ಮೇಲೆ, ಒಪ್ಪಿದವರಿಂದ ಮಾತ್ರ ಪಡೆಯುವಂತೆ ಬದಲಾಯಿಸಲಾಯಿತು. ಗೋ 1.23ರಿಂದ ‘ಗೋ ಟೆಲಿಮೆಟ್ರಿ’ ಕಮಾಂಡ್‌ಗೆ ಮೂರು ಸ್ಥಿತಿಗಳಿವೆ. ‘ಲೋಕಲ್’ ಎಂಬ ಮೂಲ ಸ್ಥಿತಿಯಲ್ಲಿ ಎಣಿಕೆಗಳು ನಿಮ್ಮ ಡಿಸ್ಕ್‌ನಲ್ಲೇ ಉಳಿಯುತ್ತವೆ, ಎಲ್ಲಿಗೂ ಹೋಗುವುದಿಲ್ಲ. ‘ಆನ್’ ಎಂದರೆ ಅಪ್‌ಲೋಡ್‌ಗೆ ಸಮ್ಮತಿ. ‘ಆಫ್’ ಎಂದರೆ ಡಿಸ್ಕ್‌ನಲ್ಲಿ ಬರೆದಿಡುವುದೂ ನಿಲ್ಲುತ್ತದೆ. ‘ಗೋ ಎನ್ವ್’ ಪಟ್ಟಿಯಲ್ಲಿ ‘ಗೋಟೆಲಿಮೆಟ್ರಿ’ ಎಂಬ ಹೆಸರು ಕಂಡರೂ ಅದು ಸ್ಥಿತಿಯನ್ನು ತೋರಿಸಲು ಮಾತ್ರ ಇರುವುದರಿಂದ, ಅದನ್ನು ವೇರಿಯಬಲ್ ಆಗಿ ಹೊಂದಿಸಿ ಪ್ರಯೋಜನವಿಲ್ಲ.

ನಿಲ್ಲಿಸಲೇಬೇಕೇ ಎಂಬುದು ಬೇರೆ ಪ್ರಶ್ನೆ. ಹೋಮ್‌ಬ್ರೂ ತನಗೆ ಬಂದ ಎಣಿಕೆಗಳನ್ನು ಒಟ್ಟುಗೂಡಿಸಿ 30, 90 ಮತ್ತು 365 ದಿನಗಳ ಲೆಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಸ್ವಯಂಸೇವಕರು ಯಾವ ಪ್ಯಾಕೇಜ್‌ಗೆ ಮೊದಲು ಗಮನ ಕೊಡಬೇಕೆಂದು ತೀರ್ಮಾನಿಸಲು ಅದು ನೆರವಾಗುತ್ತದೆ. ಸ್ವಂತ ಯಂತ್ರದಲ್ಲಿ ಇಂಥದ್ದನ್ನು ಚಾಲೂ ಬಿಡುವುದರಲ್ಲಿ ತಪ್ಪೇನೂ ಕಾಣುವುದಿಲ್ಲ. ಗ್ರಾಹಕರ ಕೆಲಸ ನಡೆಯುವ ಯಂತ್ರದಲ್ಲಾದರೆ ಅವರ ಒಪ್ಪಂದ ಏನು ಹೇಳುತ್ತದೆ ಎಂಬುದೇ ಮುಖ್ಯ. ತೀರ್ಮಾನಿಸುವ ಮುನ್ನ, ಹೋಗುವುದೇನೆಂದು ಕಣ್ಣಾರೆ ನೋಡಬಹುದು: ‘ನೆಕ್ಸ್ಟ್_ಟೆಲಿಮೆಟ್ರಿ_ಡೀಬಗ್’ ಅಥವಾ ‘ಹೋಮ್‌ಬ್ರೂ_ಅನಾಲಿಟಿಕ್ಸ್_ಡೀಬಗ್’ ಎಂಬುದಕ್ಕೆ 1 ಕೊಟ್ಟು ಎಂದಿನ ಕಮಾಂಡ್ ಓಡಿಸಿದರೆ, ಕಳುಹಿಸಬೇಕಾಗಿದ್ದ ಮಾಹಿತಿ ಪರದೆಯ ಮೇಲೆ ಮೂಡುತ್ತದೆ, ಆ ಹೊತ್ತಿನಲ್ಲಿ ಹೊರಗೆ ಹೋಗುವುದಿಲ್ಲ.

ಹಂಚಿಕೆ ನಿಲ್ಲಿಸಿದರೂ ಈ ಮೊದಲೇ ಹೋಗಿರುವ ಮಾಹಿತಿ ಅದರಿಂದ ಹಿಂದಕ್ಕೆ ಬರುವುದಿಲ್ಲ. ಯಂತ್ರ ಬದಲಿಸಿದಾಗ ಕಾನ್ಫಿಗರೇಷನ್ ಕಡತಗಳು ಜೊತೆಗೆ ಬಾರದಿದ್ದರೆ ಮೂಲ ಸ್ಥಿತಿಯೇ ಮತ್ತೆ ಜಾರಿಗೆ ಬರುವುದರಿಂದ, ಈ ವೇರಿಯಬಲ್‌ಗಳನ್ನು ಶೆಲ್‌ನ ಆರಂಭಿಕ ಕಡತದ ಜೊತೆಗೇ ಗಿಟ್‌ನಲ್ಲಿ (ಕಡತಗಳ ಆವೃತ್ತಿಗಳನ್ನು ಕಾಪಾಡುವ ಟೂಲ್) ಇಟ್ಟುಕೊಂಡು, ಹೊಸ ಯಂತ್ರದಲ್ಲಿ ಟೂಲ್‌ಗಳನ್ನು ಹಾಕುವ ಮೊದಲೇ ಅದನ್ನು ಇಳಿಸಿಕೊಳ್ಳಬೇಕು.