ಬ್ರಿಸ್ಬೇನಿನ ಸಣ್ಣ ಹಲಗೆ ಮನೆಗೆ ಪರಂಪರೆ ವರದಿ ಬರೆದಿದ್ದು

ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಹಳೆ ಮನೆಗಳ ಪರಂಪರೆ ವರದಿ, ಅಂದರೆ ಮನೆಯ ಚರಿತ್ರೆ ಏನು, ಅದರಲ್ಲಿ ಏನನ್ನು ಉಳಿಸಬೇಕು ಅನ್ನುವ ವರದಿ, ಬರೆಯುವುದು ನನ್ನ ಕೆಲಸ. ಬಂಗಲೆ ಆದರೆ ಸುಲಭ, ಕಟ್ಟಿಸಿದವರ ಹೆಸರು, ಫೋಟೋ, ನಕ್ಷೆ ಎಲ್ಲ ಸಿಗುತ್ತದೆ. ಈ ಸಲ ಬಂದದ್ದು ಉಪನಗರದ ಒಂದು ಪುಟ್ಟ ಮನೆ. ಮರದ ಕಂಬಗಳ ಮೇಲೆ ನಿಂತ ಹಲಗೆ ಗೋಡೆ, ತಗಡಿನ ಮಾಡು, ಮುಂದೆ ವರಾಂಡ. "ಇಂಥವು ಬೀದಿಗೆ ಹತ್ತು ಇವೆ, ಇದರಲ್ಲೇನು ವಿಶೇಷ?" ಅಂದರು ಮನೆಯವರು.

ಬೀದಿಗೆ ಹತ್ತು ಯಾಕಿವೆ ಅಂತ ಹುಡುಕಿದರೆ ಉತ್ತರ ಅಲ್ಲೇ ಸಿಗುತ್ತದೆ. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಸರ್ಕಾರ 1909ರಲ್ಲಿ ಕಾರ್ಮಿಕರ ಮನೆಗಳಿಗೆಂದೇ ಕಾಯ್ದೆ ತಂದಿತು. ಕಡಿಮೆ ಸಂಬಳದವರೂ ಸರ್ಕಾರದಿಂದ ಸಾಲ ಪಡೆದು ಸ್ವಂತ ಮನೆ ಕಟ್ಟಿಸಿಕೊಂಡರು. ಆ ಕಾಲದ ಕೂಲಿಯವರ ಬದುಕು ತಿಳಿಯಬೇಕಾದರೆ ಇಂಥ ಮನೆಗಳನ್ನೇ ನೋಡಬೇಕು.

ಮೊದಲು ಕಾಗದ ಹಿಡಿದೆ. ಜಮೀನಿನ ಹಕ್ಕುಪತ್ರ, ಯಾವ ಬೀದಿಯಲ್ಲಿ ಯಾರಿದ್ದರು ಅಂತ ತಿಳಿಸುವ ಹಳೆಯ ಅಂಚೆ ಡೈರೆಕ್ಟರಿ, ಒಳಚರಂಡಿಗಾಗಿ ಬರೆದ ನಗರದ ನಕ್ಷೆಗಳು. ಆ ನಕ್ಷೆಗಳಲ್ಲಿ ಪ್ರತಿ ಮನೆಯ ಅಂಚೂ ಇರುತ್ತದೆ! 1946ರ ವೈಮಾನಿಕ ಫೋಟೋವನ್ನೂ ನೋಡಿದೆ. ಇಲ್ಲಿ ಅದು ಮುಖ್ಯ ವರ್ಷ. ನಗರಪಾಲಿಕೆ ಗುರುತಿಸಿದ ಹಳೆ ಬಡಾವಣೆಗಳಲ್ಲಿ, 1946 ಅಥವಾ ಅದಕ್ಕೂ ಮುಂಚೆ ಕಟ್ಟಿದ ಮನೆಯನ್ನು ಸುಮ್ನೆ ಕೆಡವಲು ಬಿಡುವುದಿಲ್ಲ.

ಆಮೇಲೆ ಮನೆಯ ಕೆಳಗೆ ತೂರಿದೆ. ಪ್ರತಿ ಕಂಬದ ತಲೆಗೂ ತಗಡಿನ ಟೋಪಿ ಇತ್ತು. ಇದು ಗೆದ್ದಲನ್ನು ಕೊಲ್ಲುವುದಿಲ್ಲ. ಗೆದ್ದಲು ಮೇಲೆ ಹತ್ತಬೇಕಾದರೆ ಆ ತಗಡಿನ ಅಂಚನ್ನು ಸುತ್ತಿ ಮಣ್ಣಿನ ಕೊಳವೆ ಕಟ್ಟಲೇಬೇಕು, ಆಗ ನಮ್ಮ ಕಣ್ಣಿಗೆ ಬೀಳುತ್ತದೆ. ಎಷ್ಟು ಸರಳ ಉಪಾಯ! ಒಳಗಿನ ಗೋಡೆ ಒಂದೇ ಪದರ ಹಲಗೆ. ಒಂದರ ಅಂಚು ಇನ್ನೊಂದರ ಅಂಚಿನಲ್ಲಿ ಕೊರೆದ ತೋಡಿನೊಳಗೆ ಕೂತಿದೆ. ಬಾಗಿಲ ಮೇಲಿನ ಕೊರೆದ ಮರದ ಜಾಲರಿಯಿಂದ ಕೋಣೆಯಿಂದ ಕೋಣೆಗೆ ಗಾಳಿ ಆಡುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದಾಗ ಚಾವಣಿಯ ಬಣ್ಣದಲ್ಲಿ ಒಂದು ಗೆರೆ ಕಂಡಿತು. ಹಿಂದೆ ಅಲ್ಲಿ ಅಡ್ಡಗೋಡೆ ಇತ್ತು.

ಪಕ್ಕದ ವರಾಂಡವನ್ನು ಯಾರೋ ನಂತರ ಮುಚ್ಚಿ ಮಲಗುವ ಕೋಣೆ ಮಾಡಿದ್ದರು. ಅದನ್ನು ತೆಗೆಸಿ 'ಮೂಲ ರೂಪ'ಕ್ಕೆ ತರಬೇಕು ಅನ್ನುವವರು ಜಾಸ್ತಿ. ನಾನು ಉಳಿಸಿ ಅಂತ ಬರೆದೆ. ಸಂಸಾರ ಬೆಳೆದದ್ದೂ ಮನೆಯ ಚರಿತ್ರೆಯೇ ಅಲ್ವಾ?

ರಿಪೇರಿಗೆ ಹಳೆ ಕಟ್ಟಡ, ತಾಣಗಳನ್ನು ಕಾಪಾಡಲು ಆಸ್ಟ್ರೇಲಿಯಾದಲ್ಲಿ ಬಳಸುವ ಮಾರ್ಗಸೂಚಿಯಾದ ಬುರ್ರಾ ಚಾರ್ಟರ್ ಹೇಳುವುದನ್ನೇ ಹಿಡಿದೆವು: ಬೇಕಾದಷ್ಟು ಮಾಡಿ, ಆದಷ್ಟು ಕಡಿಮೆ ಮುಟ್ಟಿ. ಕೊಳೆತ ಹಲಗೆಯ ತುದಿಯಷ್ಟನ್ನೇ ಕತ್ತರಿಸಿ, ಅದೇ ಜಾತಿಯ ಮರ ಬೆಸೆದೆವು. ಹಳೆ ಬಣ್ಣದಲ್ಲಿ ಸೀಸ ಇರುವುದರಿಂದ, ವಿಷದ ಧೂಳು ಏಳದಿರಲಿ ಅಂತ, ಒಣಗಿದ್ದನ್ನು ಉಜ್ಜದೆ, ಒದ್ದೆ ಮಾಡಿ ಕೆರೆದೆವು. ಹೊಸ ಅಡುಗೆಮನೆಯನ್ನು ಹಿಂಬದಿಗೆ ಕಟ್ಟಿಸಲು ಮನೆಯವರು ಒಪ್ಪಿದ್ದಾರೆ.