ಉರುಸಿನ ಕರಪತ್ರ ಬರೆಯುವವರಿಗೆ

ಕಲಬುರಗಿಯಲ್ಲಿ ಸೂಫಿ ಸಂತ ಖಾಜಾ ಬಂದೇ ನವಾಜ್ ಅವರ ದರ್ಗಾದ ಉರುಸು ಹತ್ತಿರ ಬಂದರೆ ಲಾಡ್ಜಿನವರು, ಟ್ರಾವೆಲ್ಸಿನವರು ಕರಪತ್ರ ಹಾಕಿಸುತ್ತಾರೆ. ಅದನ್ನು ಬರೆದು, ಜೋಡಿಸಿ ಕೊಡುವುದು ನನ್ನ ಕೆಲಸ. ಹೊಸದಾಗಿ ಈ ಕೆಲಸಕ್ಕೆ ಕೂರುವವರಿಗೆ ನಾಲ್ಕು ಮಾತು.

ಮೊದಲು, ಹೇಗೆ ಕರೆಯುತ್ತೀರಿ ಅನ್ನೋದು ಮುಖ್ಯ. 'ಪ್ರವಾಸಿಗರೇ ಬನ್ನಿ' ಅಂತ ಬರೆಯಬೇಡಿ. ಅವರು ಜಿಯಾರತ್‌ಗೆ, ಅಂದರೆ ದರ್ಗಾದ ದರ್ಶನಕ್ಕೆ ಬರುವವರು. ಉರ್ದುವಿನಲ್ಲಿ 'ಜಾಯರೀನ್' ಅಂದರೆ ಮನಸ್ಸಿಗೆ ಹತ್ತಿರವಾಗುತ್ತದೆ. ಕನ್ನಡದಲ್ಲಿ 'ಉರುಸಿಗೆ ಬನ್ನಿ' ಸಾಕು. ನಮ್ಮ ಕಡೆ ಹಿಂದೂಗಳೂ ಹರಕೆ ಹೊತ್ತು ಬರುತ್ತಾರೆ, ಸಕ್ಕರೆ ಇಟ್ಟು ಪ್ರಾರ್ಥನೆ ಓದಿಸುತ್ತಾರೆ. 'ಫಾತಿಹಾ' ಅಂತ ಬರೆದರೆ ಹಳ್ಳಿಯ ಅಜ್ಜಿ ತಡವರಿಸಬಹುದು. 'ಸಕ್ಕರೆ ಓದಿಸುವುದು' ಅಂದರೆ ಥಟ್ಟನೆ ತಿಳಿಯುತ್ತದೆ. ತೆಲಂಗಾಣ, ಮಹಾರಾಷ್ಟ್ರದವರಿಗೆ ಕೋಣೆ ಬಾಡಿಗೆ, ಬಸ್ಸಿನ ಸಮಯ ತೆಲುಗು, ಮರಾಠಿಯಲ್ಲೂ ಇರಲಿ.

ಉರ್ದು ಸಾಲಿನ ಬಗ್ಗೆ ಜಾಸ್ತಿ ಎಚ್ಚರ ಬೇಕು. ನನ್ನ ಮೊದಲ ಕರಪತ್ರದಲ್ಲಿ ಅದನ್ನು ಹಳೇ ಸಾಫ್ಟ್‌ವೇರಿಗೆ ಸುಮ್ನೆ ಕಾಪಿ ಮಾಡಿ ಹಾಕಿದ್ದೆ. ಕೂಡಿರಬೇಕಾದ ಅಕ್ಷರಗಳು ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ಕೂತುಬಿಟ್ಟಿದ್ದವು. ಎರಡು ಸಾವಿರ ಪ್ರತಿ ಅಚ್ಚಾದ ಮೇಲೆ ಪಕ್ಕದ ಅಂಗಡಿಯ ಚಾಚಾ ಕನ್ನಡಕ ಏರಿಸಿ, 'ಇದನ್ನ ಓದೋದು ಹೆಂಗಪ್ಪಾ?' ಅಂದರು. ನನಗೆ ತುಂಬಾ ನೋವಾಯಿತು. ಅವರ ಭಾಷೆಯಲ್ಲೇ ಕರೆದು, ಆ ಭಾಷೆಯನ್ನೇ ಮುರಿದು ಕೈಗಿಟ್ಟ ಹಾಗೆ ಅಲ್ವಾ? ಪೂರಾ ಕಟ್ಟು ಮತ್ತೆ ಹಾಕಿಸಿದೆ. ಈಗ ಉರ್ದು ಬರೆಯುವ ನಸ್ತಾಲಿಖ್ ಶೈಲಿಯ ಫಾಂಟನ್ನೇ ಬಳಸುತ್ತೇನೆ. ಒಂದೇ ಹಾಳೆ ತೆಗೆದು ಚಾಚಾ ಹತ್ತಿರ ಗಟ್ಟಿಯಾಗಿ ಓದಿಸುತ್ತೇನೆ. ಆಮೇಲೇ ಅಚ್ಚಿಗೆ.

ಹೋದ ವರ್ಷದ ತಾರೀಕನ್ನು ಹಾಗೇ ಎತ್ತಿ ಹಾಕಬೇಡಿ. ಉರುಸು ಚಂದ್ರನನ್ನು ನೋಡಿ ಎಣಿಸುವ ಹಿಜರಿ ಕ್ಯಾಲೆಂಡರಿನ ಜಿಲ್ಕಾದ ತಿಂಗಳ 15, 16, 17ಕ್ಕೆ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಅದು ವರ್ಷವರ್ಷ ಹತ್ತು ಹನ್ನೊಂದು ದಿನ ಮುಂಚೆಯೇ ಬರುತ್ತದೆ. ಹಿಜರಿ ತಾರೀಕು ಮೇಲೆ, ಇಂಗ್ಲಿಷ್ ತಾರೀಕು ಕೆಳಗೆ ಹಾಕಿ. ಚಂದ್ರ ಕಂಡ ಮೇಲೆ ಇನ್ನೊಮ್ಮೆ ವಿಚಾರಿಸಿ.

ಚರಿತ್ರೆ ಮೂರು ಸಾಲು ಸಾಕು. ಖಾಜಾ ಅವರು ದೆಹಲಿಯಲ್ಲಿ 1321ರಲ್ಲಿ ಹುಟ್ಟಿದರು. ಸುಲ್ತಾನ ಫಿರೋಜ್ ಶಾ ಬಹಮನಿಯ ಕಾಲದಲ್ಲಿ, 1400ರ ಸುಮಾರಿಗೆ ಇಲ್ಲಿಗೆ ಬಂದರು. 1422ರಲ್ಲಿ ಇಲ್ಲೇ ತೀರಿಕೊಂಡರು. ಜಾಗ ಉಳಿದರೆ ಕೋಟೆಯೊಳಗಿನ 1367ರ ಜಾಮಿ ಮಸೀದಿಯನ್ನೂ ಸೇರಿಸಿ. ತೆರೆದ ಅಂಗಳವೇ ಇಲ್ಲದೆ ಪೂರ್ತಿ ಚಾವಣಿಯಿರುವ ಮಸೀದಿ ಅದು. ಬಂದವರು ನೋಡದೆ ಹೋಗಬಾರದು.

ಇನ್ನೊಂದು ಮಾತು. ಕುರಾನಿನ ಸಾಲು, ಅಲ್ಲಾಹನ ಹೆಸರು ಕರಪತ್ರದಲ್ಲಿ ಬೇಡ. ಚಂದ ಕಾಣುತ್ತದೆ ಅಂತ ಗಿರಾಕಿ ಕೇಳಿದರೂ ಬೇಡ. ಓದಿದ ಕಾಗದ ಜಾತ್ರೆಯಲ್ಲಿ ಕಾಲಡಿಗೆ ಬೀಳುತ್ತದೆ. ಆ ಜಾಗದಲ್ಲಿ ಗುಮ್ಮಟದ ಚಿತ್ರ ಇಡಿ. ಹಿಂಬದಿಯಲ್ಲಿ ಊರಿಗೆ ಮರಳುವ ಕೊನೆಯ ಬಸ್ಸಿನ ಸಮಯ ದಪ್ಪ ಅಕ್ಷರದಲ್ಲಿರಲಿ.